ಕಡಲಯಾನದಲ್ಲಿ ಕೇಳಿಸಿದ ಪ್ರಾಣಿದನಿ ಮತ್ತು ಪಾಶ್ಚಾತ್ಯ ಸಂಗೀತ: ಒಂದು ಐತಿಹಾಸಿಕ ವಿವೇಚನೆ

೧

ಸಂಗೀತದ ಸ್ವರಗಳಿಗೂ ಪ್ರಾಣಿಗಳ ಕೂಗಿಗೂ ಇರುವ ಸಂಬಂಧವನ್ನು ನಮ್ಮ ಪ್ರಾಚೀನ ಲಾಕ್ಷಣಿಕರು ಗುರುತಿಸಿದ್ದರೆಂಬುದು ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ನಾರದೀಯ ಶಿಕ್ಷೆಯ ಪ್ರಕಾರ ನವಿಲು ಷಡ್ಜವನ್ನೂ, ಗೋವು ಋಷಭವನ್ನೂ, ಆಡುಕುರಿಗಳು ಗಾಂಧಾರವನ್ನೂ, ಕ್ರೌಂಚವು ಮಧ್ಯಮವನ್ನೂ, ಕೋಗಿಲೆಯು ಪಂಚಮವನ್ನೂ, ಕುದುರೆಯು ಧೈವತವನ್ನೂ, ಆನೆಯು ನಿಷಾದವನ್ನೂ ನುಡಿಯುತ್ತವೆ. ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಈ ಪಟ್ಟಿಯು ಸ್ವಲ್ಪ ಬದಲಾಗಿ ಚಾತಕವೂ ಕಪ್ಪೆಯೂ ಬಂದು ಸೇರುತ್ತವೆ. ಆದರೆ ಎರಡರಲ್ಲಿಯೂ ಕಡಲಿನ ಜೀವಿ ಒಂದೂ ಇಲ್ಲ. ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಮನುಷ್ಯನ ಕಿವಿಗೆ ಬೀಳದ ದನಿಯು ಶಾಸ್ತ್ರದಲ್ಲಿ ಸೇರುವುದಾದರೂ ಹೇಗೆ?

ಪಶ್ಚಿಮದ ಸಂಗೀತದಲ್ಲಿಯೂ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಸ್ವರಸಂಯೋಜಕರು ಕಡಲನ್ನು ಕುರಿತು ಧಾರಾಳವಾಗಿ ಬರೆದರು. ಮೆಂಡೆಲ್‌ಸನ್ ೧೮೨೯ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಕಡೆಗೆ ಹೋಗಿಬಂದು 'ಹೆಬ್ರಿಡೀಸ್' ಎಂಬ ಕೃತಿಯನ್ನು ರಚಿಸಿದನು. ವ್ಯಾಗ್ನರನು ೧೮೩೯ರಲ್ಲಿ ಬಿರುಗಾಳಿಗೆ ಸಿಕ್ಕಿದ ಸಣ್ಣ ಹಡಗೊಂದರಲ್ಲಿ ಲಂಡನ್ನಿಗೆ ಪಯಣಿಸಿದ ಅನುಭವವನ್ನು ತನ್ನ 'ಫ್ಲೈಯಿಂಗ್ ಡಚ್‌ಮನ್' ಗೀತನಾಟಕದೊಂದಿಗೆ ಕೂಡಿಸಿ ಹೇಳಿಕೊಂಡಿದ್ದಾನೆ. ಡಿಬ್ಯುಸ್ಸಿಯ 'ಲಾ ಮೇರ್' ೧೯೦೫ರಲ್ಲಿ ಬಂದಿತು. ಇವುಗಳಲ್ಲಿ ಅಲೆಯುಂಟು, ಗಾಳಿಯುಂಟು, ಬೆಳಕುಂಟು, ನಾವಿಕರ ಕೂಗೂ ಉಂಟು. ಕಡಲಿನಲ್ಲಿ ಬಾಳುವ ಪ್ರಾಣಿಯ ದನಿ ಮಾತ್ರ ಇಲ್ಲ. ಆದರೆ ೧೯೭೦ರಿಂದ ಈಚೆಗೆ ತಿಮಿಂಗಿಲದ ದನಿಯು ಸಂಗೀತಸಭೆಗಳಲ್ಲಿ ಒಂದು ಪರಿಚಿತ ವಸ್ತುವೇ ಆಗಿಬಿಟ್ಟಿದೆ. ಈ ಬದಲಾವಣೆಯು ಹೇಗೆ ಒದಗಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ದೀರ್ಘವಾದ ಕಡಲಯಾನ, ಅದರಲ್ಲಿ ಅಕಸ್ಮಾತ್ತಾಗಿ ಒಂದು ಪ್ರಾಣಿಯ ದರ್ಶನ, ಅದರಿಂದ ಕಲಾವಿದನಲ್ಲಿ ಸ್ಫೂರ್ತಿ: ಪ್ರೇರಣೆಯ ವಿಷಯದಲ್ಲಿ ಸಾಮಾನ್ಯವಾಗಿ ಪ್ರಚಾರದಲ್ಲಿರುವ ಕಲ್ಪನೆ ಇದು. ಉಳಿದುಬಂದಿರುವ ದಾಖಲೆಗಳನ್ನು ಕ್ರಮವಾಗಿ ನೋಡಿದರೆ ಈ ಕಲ್ಪನೆಯು ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಹಡಗಿನವರು ಕಡಲಿನ ಪ್ರಾಣಿಗಳ ದನಿಯನ್ನು ಬಹು ಹಿಂದೆಯೇ ಕೇಳಿದ್ದರು. ಅದನ್ನು ಸಂಗೀತದ ಪರಿಭಾಷೆಯಲ್ಲಿ ವರ್ಣಿಸಿಯೂ ಇದ್ದರು. ಆದರೂ ಅದು ಸಂಗೀತವಾಗಲು ಒಂದೂವರೆ ಶತಮಾನ ಹಿಡಿಯಿತು. ಏಕೆಂಬುದೇ ಪ್ರಶ್ನೆ.

೨

ನಮಗೆ ದೊರೆಯುವ ಸ್ಪಷ್ಟವಾದ ದಾಖಲೆಗಳಲ್ಲಿ ಮೊದಲು ಗಮನಿಸತಕ್ಕದ್ದು ಬ್ರಿಟಿಷ್ ನೌಕಾಧಿಕಾರಿ ವಿಲಿಯಂ ಎಡ್ವರ್ಡ್ ಪ್ಯಾರಿಯ ಪ್ರಯಾಣವೃತ್ತಾಂತ. ಅಟ್ಲಾಂಟಿಕ್ ಸಾಗರದಿಂದ ಶಾಂತಸಾಗರಕ್ಕೆ ಉತ್ತರಧ್ರುವದ ಬಳಿಯಿಂದ ದಾರಿ ಹುಡುಕುವುದಕ್ಕಾಗಿ ೧೮೧೯ರಲ್ಲಿ ಹೊರಟ ಇವನ 'ಹೆಕ್ಲಾ' ಮತ್ತು 'ಗ್ರೈಪರ್' ಎಂಬ ಹಡಗುಗಳು ಕೆನಡಾದ ಉತ್ತರದ ಹಿಮಸಮುದ್ರದಲ್ಲಿ ಬೆಲೂಗ ಎಂಬ ಬಿಳಿಯ ತಿಮಿಂಗಿಲಗಳನ್ನು ಕಂಡವು. ದೋಣಿಯ ಕೆಳಗೆ ಅವು ಈಜುತ್ತಿರುವಾಗ ಕಿರಿದಾದ, ಮೊಳಗುವ ಶಬ್ದವೊಂದು ಕೇಳುತ್ತಿತ್ತೆಂದೂ, ಅವು ನೀರಿನ ಮೇಲಕ್ಕೆ ಬಂದೊಡನೆ ಅದು ನಿಂತುಹೋಗುತ್ತಿತ್ತೆಂದೂ ಪ್ಯಾರಿ ಬರೆಯುತ್ತಾನೆ. ಈ ಶಬ್ದಕ್ಕೆ ಅವನು ಕೊಡುವ ಹೋಲಿಕೆ ಸ್ವಾರಸ್ಯವಾದುದು: ಗಾಜಿನ ಬಟ್ಟಲುಗಳ ವಾದ್ಯವನ್ನು ಬಾರದವನು ನುಡಿಸಿದರೆ ಹೇಗೋ ಹಾಗೆ. ಬಟ್ಟಲಿನ ಅಂಚನ್ನು ಒದ್ದೆ ಬೆರಳಿನಿಂದ ತೀಡಿ ನಾದ ಹೊರಡಿಸುವ ಈ ವಾದ್ಯವು ಆಗ ಯೂರೋಪಿನ ಮನೆಗಳಲ್ಲಿ ಪರಿಚಿತವಾಗಿತ್ತು. ನಮ್ಮ ಜಲತರಂಗಕ್ಕೆ ಇದನ್ನು ದೂರದ ಬಂಧುವೆನ್ನಬಹುದು. ನಾವಿಕರು ಬೆಲೂಗವನ್ನು 'ಕಡಲಿನ ಕ್ಯಾನರಿ' ಎಂದು ಹಾಡುಹಕ್ಕಿಯ ಹೆಸರಿನಿಂದಲೇ ಕರೆಯುತ್ತಿದ್ದರು.

ಪ್ಯಾರಿಯ ವಾಕ್ಯದಲ್ಲಿ ಎರಡು ಅಂಶಗಳಿವೆ. ಒಂದು, ಅವನಿಗೆ ಒಡನೆಯೇ ನೆನಪಾದುದು ಒಂದು ವಾದ್ಯ. ಎರಡು, ಶಬ್ದವು ನೀರಿನ ಒಳಗಿನದು, ಗಾಳಿಯದಲ್ಲ ಎಂಬುದನ್ನು ಅವನು ಸರಿಯಾಗಿ ಗ್ರಹಿಸಿದ್ದನು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೧೫೦೦ ಮೀಟರು ವೇಗದಿಂದ, ಎಂದರೆ ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕ ವೇಗದಿಂದ ಸಾಗುತ್ತದೆ. ಆದರೆ ನೀರಿನಿಂದ ಗಾಳಿಗೆ ದಾಟುವಲ್ಲಿ ಅದರ ಶಕ್ತಿಯ ಬಹುಪಾಲು ಹಿಂದಕ್ಕೆ ತಿರುಗಿಬಿಡುತ್ತದೆ. ಆದ್ದರಿಂದಲೇ ಹಡಗಿನ ಅಟ್ಟದ ಮೇಲೆ ನಿಂತವನಿಗೆ ಕಡಲು ಮೂಕವಾಗಿಯೂ, ಕೆಳಗೆ ಮರದ ಒಡಲಿಗೆ ಒರಗಿ ಮಲಗಿದವನಿಗೆ ವಾಚಾಳವಾಗಿಯೂ ಇರುವುದು ಸಾಧ್ಯ. ಹಾಯಿಹಡಗಿನ ಮರದ ಒಡಲು ತಂಬೂರಿಯ ಬುರುಡೆಯಂತೆ ನಾದವನ್ನು ಹಿಡಿದು ಕೊಡುತ್ತಿತ್ತು. ಉಗಿಯಂತ್ರವೂ ಕಬ್ಬಿಣದ ಒಡಲೂ ಬಂದ ಮೇಲೆ ಯಂತ್ರದ ಸದ್ದಿನಲ್ಲಿ ಈ ಅವಕಾಶವು ಮುಚ್ಚಿಹೋಗಿರಬೇಕೆಂದು ಊಹಿಸಬಹುದು.

೩

ಪ್ಯಾರಿಯದು ಅನ್ವೇಷಕನ ಕುತೂಹಲ. ಇದಕ್ಕಿಂತ ದೀರ್ಘಕಾಲ ಕಡಲಿನಲ್ಲಿ ಇದ್ದವರು ತಿಮಿಂಗಿಲದ ಬೇಟೆಗಾರರು. ಎಣ್ಣೆಗಾಗಿ ಅಮೆರಿಕದ ನ್ಯೂ ಬೆಡ್‌ಫರ್ಡ್ ಮೊದಲಾದ ಬಂದರುಗಳಿಂದ ಹೊರಡುತ್ತಿದ್ದ ಹಡಗುಗಳು ಮೂರು ನಾಲ್ಕು ವರ್ಷಗಳ ತನಕ ಹಿಂದಿರುಗದೆ ಇರುತ್ತಿದ್ದುದುಂಟು. ಇವರಲ್ಲಿ ಹಾಡುಗಳು ಹೇರಳವಾಗಿದ್ದುವು. ಆದರೆ ಆ ಹಾಡುಗಳಲ್ಲಿ ಬರುವ ತಿಮಿಂಗಿಲವು ಕಣ್ಣಿಗೆ ಕಾಣುವ, ಈಟಿಗೆ ಸಿಕ್ಕುವ ಅಥವಾ ತಪ್ಪಿಸಿಕೊಳ್ಳುವ ಪ್ರಾಣಿ. ಅದರ ದನಿ ಅಲ್ಲಿ ವಿಷಯವಲ್ಲ.

ದನಿಯನ್ನು ಕುರಿತ ಅಪೂರ್ವವಾದ ದಾಖಲೆಯೊಂದು ೧೮೮೯ರಲ್ಲಿ ಪ್ರಕಟವಾಯಿತು. ನ್ಯೂ ಬೆಡ್‌ಫರ್ಡಿನ ಪತ್ರಿಕಾಲೇಖಕ ಹರ್ಬರ್ಟ್ ಆಲ್ಡ್ರಿಚ್ ಎಂಬವನು ಬೇಟೆಹಡಗುಗಳೊಂದಿಗೆ ಎಂಟು ತಿಂಗಳು ಉತ್ತರದ ಹಿಮಸಮುದ್ರದಲ್ಲಿದ್ದು ಬರೆದ ಪುಸ್ತಕ ಅದು. ಕೆಲ್ಲಿ ಎಂಬ ಕಪ್ತಾನನು ತಿಮಿಂಗಿಲಗಳು 'ಹಾಡುತ್ತವೆ' ಎಂಬುದನ್ನು ಕಂಡುಕೊಂಡನೆಂದೂ, ಮೊದಲು ಇತರರು ನಕ್ಕರೆಂದೂ, ಆಮೇಲೆ ಅವನ ಮಾತನ್ನು ಒಪ್ಪಿದರೆಂದೂ ಆಲ್ಡ್ರಿಚ್ ತಿಳಿಸುತ್ತಾನೆ. ಇಷ್ಟಕ್ಕೇ ನಿಲ್ಲದೆ ಅವನು ಸ್ವರಗಳನ್ನೂ ಹೆಸರಿಸುತ್ತಾನೆ. ಬೋಹೆಡ್ ಜಾತಿಯ ತಿಮಿಂಗಿಲದ ಹಾಡು ಎಫ್ ಎಂಬ ಸ್ವರದಲ್ಲಿ ಆರಂಭವಾಗಿ ಜಿ, ಎ, ಬಿ ಸ್ವರಗಳಿಗೂ ಒಮ್ಮೊಮ್ಮೆ ಸಿ ಸ್ವರದವರೆಗೂ ಏರಿ ಮತ್ತೆ ಎಫ್‌ಗೆ ಜಾರುತ್ತದೆ. ಗೂನುಬೆನ್ನಿನ ತಿಮಿಂಗಿಲದ ದನಿಯಾದರೋ ಇನ್ನೂ ನಯವಾದುದು, ಪಿಟೀಲಿನ ಅತ್ಯಂತ ತಾರದ ತಂತಿಯಂತಹುದು. ಆರೋಹಣ ಅವರೋಹಣಗಳನ್ನು ಗುರುತಿಸಿದ ಈ ವಿವರಣೆಯು ಯಾವ ಸ್ವರಸಂಯೋಜಕನಿಗೂ ಸಾಕಾಗಿತ್ತು.

ಹೀಗಿದ್ದೂ ಇದರಿಂದ ಸಂಗೀತವು ಹುಟ್ಟಲಿಲ್ಲ. ಹಡಗಿನಲ್ಲಿ ಈ ಜ್ಞಾನಕ್ಕೆ ಒಂದೇ ಪ್ರಯೋಜನವಿತ್ತು: ಕಣ್ಣಿಗೆ ಕಾಣದ ತಿಮಿಂಗಿಲವು ಸಮೀಪದಲ್ಲಿದೆಯೆಂದು ತಿಳಿದು ದೋಣಿಗಳನ್ನು ಇಳಿಸುವುದು. ಕೆಲ್ಲಿಯ ಕಿವಿ ಸೂಕ್ಷ್ಮವಾದುದೆಂಬುದು ನಿರ್ವಿವಾದ. ಆದರೆ ಆ ಕಿವಿ ಕೇಳಿದುದು ಬೇಟೆಯ ಸುಳಿವನ್ನು. ಇಲ್ಲಿ ನಮಗೆ ರಾಮಾಯಣದ ಆರಂಭದ ಪ್ರಸಂಗವು ಸಹಜವಾಗಿ ನೆನಪಾಗುತ್ತದೆ. ತಮಸಾ ತೀರದಲ್ಲಿ ಕ್ರೌಂಚಗಳ ಇಂಪಾದ ದನಿಯನ್ನು ವಾಲ್ಮೀಕಿಯಂತೆ ಬೇಡನೂ ಕೇಳಿರಬೇಕು. ಒಬ್ಬನಲ್ಲಿ ಅದು ಶ್ಲೋಕಕ್ಕೆ ಕಾರಣವಾಯಿತು. ಇನ್ನೊಬ್ಬನಿಗೆ ಗುರಿಯನ್ನು ತೋರಿಸಿತು. ಕೇಳುವುದು ಒಂದೇ ಆದರೂ ಕೇಳುವವನು ಯಾವ ಸಂಬಂಧದಲ್ಲಿ ನಿಂತಿದ್ದಾನೆಂಬುದರ ಮೇಲೆ ಕೇಳಿದುದರ ಅರ್ಥವು ನಿರ್ಣಯವಾಗುತ್ತದೆ.

೪

ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ದಕ್ಷಿಣಧ್ರುವದ ಕಡೆಗೆ ಹೋದ ಯಾತ್ರೆಗಳಲ್ಲಿ ಪ್ರಾಣಿಯ ಮತ್ತು ಸಂಗೀತದ ಸಂಬಂಧವು ಬೇರೊಂದು ರೂಪವನ್ನು ತಾಳಿತು. ಇಲ್ಲಿ ಯಾತ್ರಿಕರು ಪ್ರಾಣಿಯಿಂದ ಸಂಗೀತವನ್ನು ತರಲಿಲ್ಲ. ತಮ್ಮ ಸಂಗೀತವನ್ನು ಪ್ರಾಣಿಯ ಬಳಿಗೆ ಒಯ್ದರು.

ವಿಲಿಯಂ ಸ್ಪೀರ್ಸ್ ಬ್ರೂಸನ ನಾಯಕತ್ವದಲ್ಲಿ ೧೯೦೨ರಿಂದ ೧೯೦೪ರವರೆಗೆ ನಡೆದ ಸ್ಕಾಟಿಷ್ ಯಾತ್ರೆಯಲ್ಲಿ ಗಿಲ್ಬರ್ಟ್ ಕೆರ್ ಎಂಬ ಬ್ಯಾಗ್‌ಪೈಪ್ ವಾದಕನಿದ್ದನು. ೧೯೦೪ರ ಮಾರ್ಚ್ ತಿಂಗಳಲ್ಲಿ 'ಸ್ಕೋಷಿಯಾ' ಹಡಗು ಹಿಮದಲ್ಲಿ ಸಿಕ್ಕಿಕೊಂಡಿದ್ದಾಗ ಅವನು ಸ್ಕಾಟ್ಲೆಂಡಿನ ಉಡುಪನ್ನು ಧರಿಸಿ ಒಂದು ಎಂಪರರ್ ಪೆಂಗ್ವಿನ್ ಹಕ್ಕಿಯ ಮುಂದೆ ನಿಂತು ನುಡಿಸುತ್ತಿರುವ ಛಾಯಾಚಿತ್ರವು ಲೋಕಪ್ರಸಿದ್ಧವಾಗಿದೆ. ಚಿತ್ರವನ್ನು ನೋಡಿದವರಿಗೆ ಹಕ್ಕಿಯು ತನ್ಮಯವಾಗಿ ಕೇಳುತ್ತಿರುವಂತೆ ತೋರುತ್ತದೆ. ವಾಸ್ತವವಾಗಿ ಅದು ಓಡಿಹೋಗದಂತೆ ಹಗ್ಗದಿಂದ ಕಟ್ಟಲಾಗಿತ್ತು. ವಾದನದ ವಿಷಯದಲ್ಲಿ ಅದು ಉದಾಸೀನವಾಗಿತ್ತೆಂದು ಯಾತ್ರಿಕರೇ ಬರೆದಿಟ್ಟಿದ್ದಾರೆ. ಚಿತ್ರವೊಂದನ್ನೇ ಆಧಾರವಾಗಿ ಹಿಡಿಯುವ ಇತಿಹಾಸದ ವಿದ್ಯಾರ್ಥಿಗೆ ಇದು ಒಳ್ಳೆಯ ಪಾಠ.

ಮುಂದಿನದು ಶ್ಯಾಕಲ್ಟನ್ನನ 'ಎಂಡ್ಯೂರೆನ್ಸ್' ಹಡಗಿನ ವೃತ್ತಾಂತ. ಹಿಮದ ಹಿಡಿತದಲ್ಲಿ ಹಡಗು ನಜ್ಜುಗುಜ್ಜಾದಾಗ ಪ್ರತಿಯೊಬ್ಬನೂ ಎರಡು ಪೌಂಡು ತೂಕದ ಸ್ವಂತ ಸಾಮಾನನ್ನು ಮಾತ್ರ ಇಟ್ಟುಕೊಳ್ಳಬೇಕೆಂದು ನಾಯಕನು ಆಜ್ಞೆ ಮಾಡಿದನು. ಆದರೂ ಹವಾಮಾನ ತಜ್ಞ ಲಿಯೊನಾರ್ಡ್ ಹಸ್ಸಿಯ ಬ್ಯಾಂಜೊ ವಾದ್ಯವನ್ನು, ಜನರ ಮನಸ್ಸಿಗೆ ಅದು ಔಷಧವೆಂದು ಹೇಳಿ, ತಾನೇ ಉಳಿಸಿದನು. ಅದು ಈಗ ಗ್ರೀನಿಚ್ಚಿನ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ಹಸ್ಸಿಯು ಹಿಮದ ಮೇಲೆ ಪೆಂಗ್ವಿನ್‌ಗಳಿಗಾಗಿ ನುಡಿಸಿದ ಸಂಗತಿಯನ್ನು ಶ್ಯಾಕಲ್ಟನ್ ವಿನೋದವಾಗಿ ವರ್ಣಿಸಿದ್ದಾನೆ. ಆದರೆ ಅದೇ ಪುಸ್ತಕದಲ್ಲಿ ವಿನೋದವಲ್ಲದ ಇನ್ನೊಂದು ಪ್ರಸಂಗವಿದೆ. ೧೯೧೫ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಹಡಗು ಮುರಿಯುತ್ತಿದ್ದ ದಿನಗಳಲ್ಲಿ, ಎಂಟು ಎಂಪರರ್ ಪೆಂಗ್ವಿನ್‌ಗಳು ಹತ್ತಿರ ಬಂದು ವಿಚಿತ್ರವಾಗಿ ಕೂಗಿದುವು; ಅದು ಹಡಗಿಗಾಗಿ ಹಾಡಿದ ಶೋಕಗೀತೆಯಂತೆ ಕೇಳಿಸಿತು. ಅನುಭವಿ ನಾವಿಕನೊಬ್ಬನು ಇದನ್ನು ಅಪಶಕುನವೆಂದು ಭಾವಿಸಿ, ನಾವಾರೂ ಮನೆಗೆ ಹಿಂದಿರುಗುವುದಿಲ್ಲವೆಂದನು. ವಿಪತ್ತಿನಲ್ಲಿ ಮನುಷ್ಯನು ಪ್ರಾಣಿಯ ದನಿಯನ್ನು ಹಾಡಾಗಿ ಕೇಳಿದುದಕ್ಕೆ ಇದು ಒಂದು ನಿದರ್ಶನ. ಆದರೆ ಅವನು ಅದರಲ್ಲಿ ಕೇಳಿದುದು ತನ್ನ ಗತಿಯನ್ನೇ.

ಈ ಯಾತ್ರೆಗಳ ಕಾಲದ ಸ್ಮರಣೆಯಿಂದ ಒಂದು ಮಹತ್ತ್ವದ ಕೃತಿ ಹುಟ್ಟಿತು. ಕಪ್ತಾನ್ ಸ್ಕಾಟನ ಕೊನೆಯ ಯಾತ್ರೆಯನ್ನು ಕುರಿತು ೧೯೪೮ರಲ್ಲಿ ಬಂದ ಚಲಚ್ಚಿತ್ರಕ್ಕೆ ವಾನ್ ವಿಲಿಯಮ್ಸ್ ಸಂಗೀತವನ್ನು ಬರೆದನು. ಅದನ್ನೇ ಬೆಳಸಿ ರಚಿಸಿದ 'ಸಿನ್‌ಫೊನಿಯಾ ಅಂಟಾರ್ಟಿಕಾ' ೧೯೫೩ರ ಜನವರಿಯಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ಕೇಳಿಬಂದಿತು. ಇದರ ಎರಡನೆಯ ಭಾಗದಲ್ಲಿ ತಿಮಿಂಗಿಲಗಳೂ ಪೆಂಗ್ವಿನ್‌ಗಳೂ ಬರುತ್ತವೆ. ತಿಮಿಂಗಿಲಕ್ಕೆ ಭಾರವಾದ ಮಂದ್ರನಾದ, ಪೆಂಗ್ವಿನ್ನಿಗೆ ಕುಪ್ಪಳಿಸುವ ಲಘುಗತಿ. ಎಂದರೆ ಇಲ್ಲಿ ಚಿತ್ರಿತವಾಗಿರುವುದು ಪ್ರಾಣಿಯ ಆಕಾರ ಮತ್ತು ನಡೆ. ಸಂಯೋಜಕನು ಎಂದೂ ಆ ಕಡಲಿಗೆ ಹೋದವನಲ್ಲ. ಚಿತ್ರದಲ್ಲಿ ಕಂಡುದನ್ನು ಅವನು ನಾದಕ್ಕೆ ತಿರುಗಿಸಿದನು. ತಿಮಿಂಗಿಲವು ಸಿಂಫನಿಯನ್ನು ಪ್ರವೇಶಿಸಿತು. ಅದರ ಬಾಯಿ ಇನ್ನೂ ಮುಚ್ಚಿಯೇ ಇತ್ತು.

೫

ಆ ಬಾಯಿ ತೆರೆದುದು ಯುದ್ಧಶಾಸ್ತ್ರದ ಮೂಲಕ. ಜಲಾಂತರ್ಗಾಮಿ ನೌಕೆಗಳನ್ನು ಪತ್ತೆ ಮಾಡುವುದಕ್ಕಾಗಿ ಹೈಡ್ರೋಫೋನ್ ಎಂಬ, ನೀರಿನೊಳಗಿನ ಶಬ್ದವನ್ನು ಹಿಡಿಯುವ ಯಂತ್ರವು ಎರಡು ಮಹಾಯುದ್ಧಗಳ ಕಾಲದಲ್ಲಿ ಬಹಳ ಸುಧಾರಿಸಿತ್ತು. ೧೯೪೯ರಲ್ಲಿ ಶೆವಿಲ್ ಮತ್ತು ಬಾರ್ಬರಾ ಲಾರೆನ್ಸ್ ಎಂಬ ವಿದ್ವಾಂಸರು ಕೆನಡಾದ ಸಾಗೆನೇ ನದಿಯಲ್ಲಿ ಬೆಲೂಗದ ದನಿಯನ್ನು ಮುದ್ರಿಸಿದರು. ಪ್ಯಾರಿ ಕೇಳಿದ ಗಾಜಿನ ಬಟ್ಟಲುಗಳ ನಾದವು ನೂರಮೂವತ್ತು ವರ್ಷಗಳ ಮೇಲೆ ಯಂತ್ರಕ್ಕೆ ಸಿಕ್ಕಿತು.

ಇದೇ ಅವಧಿಯಲ್ಲಿ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದಲ್ಲಿ ಅಮೆರಿಕದ ನೌಕಾದಳದ ಪರವಾಗಿ ಆಳಸಮುದ್ರದ ಶಬ್ದಗಳನ್ನು ಆಲಿಸುತ್ತಿದ್ದ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಇಂಜಿನಿಯರನು ಗೂನುಬೆನ್ನಿನ ತಿಮಿಂಗಿಲಗಳ ದನಿಯನ್ನು ಟೇಪಿನ ಮೇಲೆ ಸಂಗ್ರಹಿಸಿದನು. ಇದನ್ನು ಅವನು ಕೂಡಲೇ ಬಹಿರಂಗಪಡಿಸಲಿಲ್ಲ. ತಿಮಿಂಗಿಲಗಳನ್ನು ಹುಡುಕಿ ಕೊಲ್ಲುವುದಕ್ಕೆ ಬೇಟೆಗಾರರು ಈ ದನಿಯನ್ನು ಉಪಯೋಗಿಸಿಕೊಂಡಾರೆಂಬ ಭಯ ಅವನಿಗಿತ್ತು. ಕೆಲ್ಲಿಯ ಸಂಗತಿಯನ್ನು ಬಲ್ಲ ನಾವು ಈ ಭಯವು ನಿರಾಧಾರವಾಗಿತ್ತೆಂದು ಹೇಳಲಾರೆವು.

೧೯೬೭ರಲ್ಲಿ ರಾಜರ್ ಪೇನ್ ಮತ್ತು ಅವರ ಪತ್ನಿ ಕೇಟಿ ಪೇನ್ ಬರ್ಮುಡಾಕ್ಕೆ ಬಂದಾಗ ವಾಟ್ಲಿಂಗ್ಟನ್ ಟೇಪುಗಳನ್ನು ಅವರ ಕೈಗೆ ಒಪ್ಪಿಸಿದನು. ಸ್ಕಾಟ್ ಮ್ಯಾಕ್‌ವೇ ಎಂಬವರೂ ಅವರ ಪತ್ನಿ ಹೆಲ್ಲಾ ಅವರೂ ಈ ದನಿಗಳ ರೇಖಾಚಿತ್ರಗಳನ್ನು ಪರಿಶೀಲಿಸಿದರು. ಅದರಿಂದ ಸಿದ್ಧವಾದ ನಿರ್ಣಯವನ್ನು ಪೇನ್ ಮತ್ತು ಮ್ಯಾಕ್‌ವೇ ೧೯೭೧ರ ಆಗಸ್ಟಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ದನಿಯು ಅಸ್ತವ್ಯಸ್ತವಾದ ಕೂಗಲ್ಲ. ಸಣ್ಣ ಸಣ್ಣ ನುಡಿಗಳು ಸೇರಿ ಒಂದು ಪಲ್ಲವಿಯಾಗಿ, ಅಂತಹ ಹಲವು ಪಲ್ಲವಿಗಳು ಗೊತ್ತಾದ ಕ್ರಮದಲ್ಲಿ ಬಂದು, ಏಳರಿಂದ ಮೂವತ್ತು ನಿಮಿಷಗಳವರೆಗೆ ಸಾಗಿ, ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹಾಡುವುದು ಗಂಡು ತಿಮಿಂಗಿಲವೆಂಬುದು ಆಮೇಲೆ ತಿಳಿಯಿತು. ಸಂಗೀತವನ್ನೂ ಅಭ್ಯಾಸ ಮಾಡಿದ್ದ ಕೇಟಿ ಪೇನ್ ಅವರು ಹಾಡು ವರ್ಷದಿಂದ ವರ್ಷಕ್ಕೆ ಮಾರ್ಪಡುವುದನ್ನು ಕಂಡರು. ೧೯೮೮ರಲ್ಲಿ ಲಿಂಡಾ ಗಿನೀ ಅವರೊಡನೆ, ದೀರ್ಘವೂ ಜಟಿಲವೂ ಆದ ಹಾಡುಗಳಲ್ಲಿ ಪ್ರಾಸದಂತಹ ಆವೃತ್ತಿಗಳಿರುವುದನ್ನು ತೋರಿಸಿ, ಇವು ನೆನಪಿಗೆ ಸಹಾಯಕವಾಗಿರಬಹುದೆಂದು ಸೂಚಿಸಿದರು. ಪ್ರಾಸವನ್ನು ಕಾವ್ಯಲಕ್ಷಣವಾಗಿ ಎಣಿಸಿದ ಕನ್ನಡಿಗರಿಗೆ ಈ ಸೂಚನೆಯು ವಿಶೇಷ ಸ್ವಾರಸ್ಯವುಳ್ಳದ್ದು.

೬

೧೯೭೦ರಲ್ಲಿ ಈ ಮುದ್ರಿಕೆಗಳು ಗ್ರಾಮಫೋನ್ ತಟ್ಟೆಯಾಗಿ ಹೊರಬಂದುವು. ಅದೇ ವರ್ಷದ ಜೂನ್ ತಿಂಗಳಲ್ಲಿ ಆಲನ್ ಹೊವಾನೆಸ್ ರಚಿಸಿದ 'ದೇವರು ಮಹಾತಿಮಿಂಗಿಲಗಳನ್ನು ಸೃಷ್ಟಿಸಿದನು' ಎಂಬರ್ಥದ ಹೆಸರಿನ ಕೃತಿಯನ್ನು ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ನುಡಿಸಿತು. ಈ ಹೊವಾನೆಸ್ ೧೯೫೯–೬೦ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಮದರಾಸಿಗೆ ಬಂದು ಕರ್ಣಾಟಕ ಸಂಗೀತವನ್ನು ಅಭ್ಯಾಸ ಮಾಡಿದವನು. ಅವನ ಕೃತಿಯಲ್ಲಿ ತಂತಿವಾದ್ಯಗಳು ತಾಳದ ಕಟ್ಟಿಲ್ಲದೆ ಅಲೆಗಳಂತೆ ಹರಿಯುತ್ತಿರುವಾಗ ಟೇಪಿನಿಂದ ತಿಮಿಂಗಿಲದ ದನಿಯೇ ಪ್ರವೇಶಿಸುತ್ತದೆ. ಪ್ರಾಣಿಯನ್ನು ಅನುಕರಿಸದೆ ಅದಕ್ಕೆ ಗಾಯಕನ ಸ್ಥಾನವನ್ನೇ ಕೊಡಲಾಗಿದೆ. ೧೯೭೧ರಲ್ಲಿ ಜಾರ್ಜ್ ಕ್ರಂಬ್ ರಚಿಸಿದ 'ವಾಕ್ಸ್ ಬಲೀನೇ' ಎಂಬುದರಲ್ಲಿ ಕೊಳಲು, ಚೆಲ್ಲೊ, ಪಿಯಾನೊ ಎಂಬ ಮೂರೇ ವಾದ್ಯಗಳು. ವಾದಕರು ಅರ್ಧ ಮುಖವಾಡವನ್ನು ಧರಿಸಿ ನೀಲಿ ಬೆಳಕಿನಲ್ಲಿ ಕುಳಿತು ನುಡಿಸುತ್ತಾರೆ. ಕೊಳಲಿನವನು ಊದುತ್ತಲೇ ಹಾಡುತ್ತಾನೆ. ೧೯೭೭ರಲ್ಲಿ ವಾಯೇಜರ್ ಆಕಾಶನೌಕೆಗಳಲ್ಲಿ ಕಳುಹಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಈ ಹಾಡಿಗೂ ಸ್ಥಾನ ದೊರೆಯಿತು.

ಹೊವಾನೆಸನನ್ನೂ ಕ್ರಂಬನನ್ನೂ ಪ್ರೇರಿಸಿದುದು ಯಾನವಲ್ಲ, ಧ್ವನಿಮುದ್ರಿಕೆ. ಇದಕ್ಕೆ ಪ್ರತಿಯಾಗಿ ಪೀಟರ್ ಮ್ಯಾಕ್ಸ್‌ವೆಲ್ ಡೇವೀಸ್ ೧೯೯೭ರಲ್ಲಿ ಸಂಗೀತರಚನೆಗಾಗಿಯೇ ಸ್ವತಃ ದಕ್ಷಿಣಧ್ರುವದ ಕಡೆಗೆ ಹಡಗಿನಲ್ಲಿ ಹೋದನು. ೨೦೦೧ರಲ್ಲಿ ಲಂಡನ್ನಿನಲ್ಲಿ ನುಡಿಸಲ್ಪಟ್ಟ ಅವನ 'ಅಂಟಾರ್ಕ್ಟಿಕ್ ಸಿಂಫನಿ'ಯ ಆರಂಭವನ್ನು ಆಕ್ರಮಿಸಿರುವುದು ಹಡಗು ಹಿಮವನ್ನು ಒಡೆಯುವ ಶಬ್ದ. ಅಟ್ಟದ ಮೇಲಿನ ಯಾತ್ರಿಕನಿಗೆ ಕಡಲು ಇಂದಿಗೂ ತನ್ನ ಗುಟ್ಟನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಹಾಡಿನ ಪರಿಣಾಮವು ಸಂಗೀತಸಭೆಯಲ್ಲಿಯೇ ನಿಲ್ಲಲಿಲ್ಲ. ೧೯೭೨ರಲ್ಲಿ ಸ್ಟಾಕ್‌ಹೋಮಿನಲ್ಲಿ ನೆರೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನವು ವಾಣಿಜ್ಯಬೇಟೆಯನ್ನು ಹತ್ತು ವರ್ಷ ನಿಲ್ಲಿಸಬೇಕೆಂದು ಕೇಳಿತು. ೧೯೭೫ರಲ್ಲಿ ವ್ಯಾಂಕೂವರಿನಿಂದ ಹೊರಟ ಗ್ರೀನ್‌ಪೀಸ್ ದೋಣಿಯು ವಾದ್ಯಗಳನ್ನೂ ಒಯ್ದು ತಿಮಿಂಗಿಲಗಳಿಗಾಗಿ ನುಡಿಸಿ, ಜೂನ್ ತಿಂಗಳಲ್ಲಿ ಸೋವಿಯತ್ ಬೇಟೆಹಡಗುಗಳನ್ನು ಎದುರಿಸಿತು. ಕೆರ್‌ನಂತೆ ಇವರೂ ಸಂಗೀತವನ್ನು ಪ್ರಾಣಿಯ ಬಳಿಗೆ ಒಯ್ದವರೇ, ಆದರೆ ಹಗ್ಗವಿರಲಿಲ್ಲ. ೧೯೮೨ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವಾಣಿಜ್ಯಬೇಟೆಯ ನಿಷೇಧವನ್ನು ಅಂಗೀಕರಿಸಿತು. ಇದೆಲ್ಲಕ್ಕೂ ಒಂದು ಹಾಡೇ ಕಾರಣವೆನ್ನುವುದು ಅತ್ಯುಕ್ತಿಯಾದೀತು. ಪ್ರಾಣಿಗಳ ಸಂಖ್ಯೆ ಕುಸಿದುದೂ ಎಣ್ಣೆಗೆ ಬದಲಿ ವಸ್ತುಗಳು ದೊರೆತುದೂ ಕಾರಣಗಳಲ್ಲಿ ಸೇರುತ್ತವೆ. ಆದರೆ ಜನಾಭಿಪ್ರಾಯವನ್ನು ತಿದ್ದುವುದರಲ್ಲಿ ಹಾಡಿನ ಪಾಲು ಚಿಕ್ಕದಲ್ಲ.

೭

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳು ಸಿದ್ಧಿಸುತ್ತವೆ. ಮೊದಲನೆಯದು, ಕಡಲಿನ ಪ್ರಾಣಿಯ ದನಿಯನ್ನು ಮೊದಲು ಕೇಳಿದವರು ಕಲಾವಿದರಲ್ಲ. ಅನ್ವೇಷಕರು, ಬೇಟೆಗಾರರು, ಯುದ್ಧನೌಕೆಯ ಕಾವಲುಗಾರರು. ಎರಡನೆಯದು, ಕೇಳಿದುದು ಸಂಗೀತವಾಗಬೇಕಾದರೆ ಅದು ಮತ್ತೆ ಮತ್ತೆ ಕೇಳಬಹುದಾದ ದಾಖಲೆಯಾಗಬೇಕಾಗಿತ್ತು. ಒಮ್ಮೆ ಕೇಳಿದ ಕಿವಿಗೆ ಕೂಗಾಗಿದ್ದುದು ನೂರು ಸಲ ಕೇಳಿದ ಕಿವಿಗೆ ಕೃತಿಯಾಯಿತು. ಮೂರನೆಯದು, ದಾಖಲೆಯೊಂದೇ ಸಾಲದು, ಪ್ರಾಣಿಯೊಡನೆ ಮನುಷ್ಯನ ಸಂಬಂಧವೂ ಬದಲಾಗಬೇಕಾಗಿತ್ತು. ಆಲ್ಡ್ರಿಚ್ಚನ ಸ್ವರಪಟ್ಟಿಯು ಗ್ರಂಥಾಲಯಗಳಲ್ಲಿ ಎಂಬತ್ತು ವರ್ಷ ಸುಮ್ಮನೆ ಬಿದ್ದಿದ್ದುದು ಇದಕ್ಕೆ ಪ್ರಮಾಣ.

ಈ ಇತಿಹಾಸವು ನಮಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ನಮ್ಮ ಕರಾವಳಿಯನ್ನು ತೊಳೆಯುವ ಅರಬ್ಬೀ ಸಮುದ್ರದಲ್ಲಿಯೂ ಗೂನುಬೆನ್ನಿನ ತಿಮಿಂಗಿಲಗಳಿವೆ. ಬೇರೆ ಸಾಗರಗಳ ತಮ್ಮ ಬಂಧುಗಳಂತೆ ಇವು ಧ್ರುವಪ್ರದೇಶಕ್ಕೆ ವಲಸೆ ಹೋಗುವುದಿಲ್ಲ. ವರ್ಷವಿಡೀ ಇಲ್ಲಿಯೇ ಇರುತ್ತವೆ. ಅಂತರರಾಷ್ಟ್ರೀಯ ಆಯೋಗವು ಈ ಜಾತಿಗೆ ಎಲ್ಲ ಕಡಲುಗಳಲ್ಲಿಯೂ ರಕ್ಷಣೆಯನ್ನು ಘೋಷಿಸಿದ ೧೯೬೬ರಲ್ಲಿಯೇ, ನವೆಂಬರ್ ತಿಂಗಳಲ್ಲಿ, ಸೋವಿಯತ್ ಬೇಟೆಹಡಗುಗಳು ಓಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ತೀರಗಳ ಬಳಿ ಇವುಗಳಲ್ಲಿ ೨೩೮ನ್ನು ಗುಟ್ಟಾಗಿ ಕೊಂದುವು. ಇದು ಬೆಳಕಿಗೆ ಬಂದುದು ೧೯೯೦ರ ದಶಕದಲ್ಲಿ. ಬರ್ಮುಡಾದಲ್ಲಿ ವಾಟ್ಲಿಂಗ್ಟನ್ ತನ್ನ ಟೇಪುಗಳನ್ನು ಇನ್ನೂ ಬಚ್ಚಿಟ್ಟುಕೊಂಡಿದ್ದ ಕಾಲ ಅದು. ಓಮಾನಿನ ತೀರದಲ್ಲಿ ಈಚೆಗೆ ಅಂದಾಜು ಮಾಡಿದಂತೆ ಅಲ್ಲಿ ಉಳಿದಿರುವುವು ನೂರಕ್ಕೂ ಕಡಮೆ. ಆ ೨೩೮ರ ಹಾಡು ಯಾವುದಾಗಿತ್ತೆಂಬುದನ್ನು ಇನ್ನು ಯಾವ ಯಂತ್ರವೂ ಕೇಳಿಸಲಾರದು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸವಿದೆ. ಕಾರವಾರದಿಂದ ಮಂಗಳೂರಿನವರೆಗೆ ಮರದ ದೋಣಿಗಳಲ್ಲಿ ಕಡಲಿಗೆ ಇಳಿದು, ರಾತ್ರಿ ದೋಣಿಯ ಒಡಲಿಗೆ ತಲೆಯಿಟ್ಟು ಮಲಗಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕಿವಿಗೆ ಏನು ಬಿದ್ದಿತು, ಅದನ್ನು ಅವರು ಯಾವ ಹೆಸರಿನಿಂದ ಕರೆದರು ಎಂಬುದನ್ನು ಕೇಳಿ ಬರೆದಿಡುವುದು ಅವಶ್ಯಕ. ಅದು ಕೂಗೋ ಹಾಡೋ ಎಂಬ ನಿರ್ಣಯವನ್ನು ಮುಂದಿನವರು ಮಾಡಲಿ. ದಾಖಲೆಯಾಗದೆ ಹೋದರೆ ನಿರ್ಣಯಿಸುವುದಕ್ಕೆ ಅವರಿಗೆ ಏನೂ ಉಳಿಯುವುದಿಲ್ಲ.